ಮಗ್ಗದ ಸದ್ದಿನಲ್ಲಿ ಜಪಾನಿ ಪಾಠ

ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂಭಾಗದಲ್ಲಿ ಎರಡು ವಿದ್ಯುತ್ ಮಗ್ಗ. ಹಿಂದಿನ ಕೋಣೆಯಲ್ಲಿ ನಾನು ಮತ್ತು ಜಪಾನಿ ಪುಸ್ತಕ. ಡಿಗ್ರಿ ಮುಗಿದ ಮೇಲೆ ದುಭಾಷಿಯ ಕೆಲಸದ ಆಸೆಯಿಂದ ಈ ಭಾಷೆಯ ಬೆನ್ನುಬಿದ್ದೆ.

ಶುರುವಿನಲ್ಲಿ ಸಲೀಸು. ಕನ್ನಡದಂತೆಯೇ ಕ್ರಿಯಾಪದ ಕೊನೆಗೆ. ‘ಒಬಸಾನ್’ ಎಂದರೆ ಅತ್ತೆ, ‘ಒಬಾಸಾನ್’ ಎಂದರೆ ಅಜ್ಜಿ. ಹ್ರಸ್ವ, ದೀರ್ಘ ನಮಗೇನು ಹೊಸದೇ? 46 ಹಿರಾಗಾನ ಅಕ್ಷರಗಳೂ ಬೇಗ ಬಂದವು. ಕಟಾಕಾನದ ‘ಶಿ’ ಮತ್ತು ‘ತ್ಸು’ ಮಾತ್ರ ಇಂದಿಗೂ ಅವಳಿ ಜವಳಿ! ಕಾಂಜಿಯಲ್ಲಿ ಎರಡು ಮರ ಬರೆದರೆ ತೋಪು, ಮೂರು ಬರೆದರೆ ಕಾಡು. ಚೆಂದವೇ. ಆದರೆ ಅದೇ ಮರವನ್ನು ಒಂದೆಡೆ ‘ಕಿ’, ಇನ್ನೊಂದೆಡೆ ‘ಮೊಕು’ ಎಂದು ಓದಬೇಕೆಂದಾಗ ತಲೆ ತಿರುಗಿತು.

ಎನ್5 ಪರೀಕ್ಷೆಗೆ 180ಕ್ಕೆ 80 ಅಂಕ ಸಾಕು. ನನಗೆ 96 ಬಂತು. ಆದರೂ ಫೇಲ್! ಆಲಿಸುವ ವಿಭಾಗದಲ್ಲಿ 60ಕ್ಕೆ 19 ಬೇಕಿತ್ತು, ಸಿಕ್ಕಿದ್ದು 17. ಮಗ್ಗದ ಸದ್ದಿನ ನಡುವೆ ನಾನು ಕೇಳಿಸಿಕೊಂಡಿದ್ದು ಅಷ್ಟೇ.

ಆಮೇಲೆ ಕರೆಂಟ್ ಹೋದಾಗಲೆಲ್ಲ ಇಯರ್‌ಫೋನ್ ಹಾಕಿ ಕೂತೆ. ಮಗ್ಗ ನಿಂತರೆ ಅಮ್ಮನ ಕೂಲಿಯೂ ನಿಲ್ಲುತ್ತದೆ. ಒಳಗೊಳಗೇ ಖುಷಿಪಡಲು ನಾಚಿಕೆಯಾಗುತ್ತಿತ್ತು. ಒಂದು ಸಂಜೆ ಅಮ್ಮ ತಾವೇ ಮಗ್ಗ ನಿಲ್ಲಿಸಿ, ‘ಅರ್ಧ ಗಂಟೆ ಕೇಳ್ಕೊ’ ಅಂದರು. ಅಂದಿನಿಂದ ಪರೀಕ್ಷೆಯವರೆಗೂ ದಿನಾ ನಿಲ್ಲಿಸಿದರು.

ಎರಡನೇ ಸಲ ಆಲಿಸುವುದರಲ್ಲಿ 34 ಬಂತು, ಪಾಸಾದೆ. ಈಗ ಎನ್4ಗೆ ಓದುತ್ತಿದ್ದೇನೆ. ಅಮ್ಮನ ಅರ್ಧ ಗಂಟೆಗಳ ಲೆಕ್ಕ ಇನ್ನೂ ಬಾಕಿ ಇದೆ.