ಕೂಗುವ ಎರರ್, ಸದ್ದಿಲ್ಲದ ಎರರ್

ಲ್ಯಾಪ್‌ಟಾಪಿಗೆ ಉಬುಂಟುವನ್ನೋ ಡೆಬಿಯನ್ನನ್ನೋ ಹಾಕಿಕೊಂಡವರಲ್ಲಿ ಬಹಳ ಮಂದಿ ಈ ಸಾಲನ್ನು ಕಂಡು ಗಾಬರಿಯಾಗುತ್ತಾರೆ: ‘ಎಸಿಪಿಐ ಬಯೋಸ್ ಎರರ್: ಕುಡ್ ನಾಟ್ ರಿಸಾಲ್ವ್ ಸಿಂಬಲ್’. ಕಪ್ಪು ಪರದೆಯ ಮೇಲೆ ಒಂದರ ಕೆಳಗೊಂದು ಅದೇ ಸಾಲು. ಮದರ್‌ಬೋರ್ಡ್ ಹೋಯಿತು ಎಂಬ ತೀರ್ಮಾನಕ್ಕೆ ಬರಲು ಹೆಚ್ಚು ಹೊತ್ತು ಬೇಕಿಲ್ಲ.

ಹೋಗಿರುವುದಿಲ್ಲ. ಬ್ಯಾಟರಿ, ಫ್ಯಾನು, ಮುಚ್ಚಳ, ಪೋರ್ಟುಗಳ ವಿವರವನ್ನೆಲ್ಲ ತಯಾರಕರು ಎಸಿಪಿಐ ಕೋಷ್ಟಕಗಳಲ್ಲಿ ಬರೆದು ಫರ್ಮ್‌ವೇರಿನೊಳಗೆ ಇಟ್ಟಿರುತ್ತಾರೆ. ಆ ಬರವಣಿಗೆಯಲ್ಲಿ ಸಡಿಲ ಜಾಗಗಳಿರುತ್ತವೆ. ಎಲ್ಲೂ ವಿವರಿಸದ ಒಂದು ಹೆಸರು ನಡುವೆ ಉಳಿದುಕೊಂಡಿರುತ್ತದೆ. ಕರ್ನಲ್ ಆ ಹೆಸರಿನ ಬೆನ್ನು ಹತ್ತಿ, ಏನೂ ಸಿಗದೆ, ಒಂದು ಸಾಲು ಬರೆದು ಮುಂದಿನ ಕೆಲಸಕ್ಕೆ ಹೋಗುತ್ತದೆ. ವಿಂಡೋಸ್ ಓದುವುದೂ ಅದೇ ಕೋಷ್ಟಕಗಳನ್ನೇ; ಪರದೆಯ ಮೇಲೆ ತೋರಿಸುವುದಿಲ್ಲ, ಅಷ್ಟೆ. ‘ವಿಂಡೋಸ್ ಇದ್ದಾಗ ಈ ಎರರ್ ಇರಲಿಲ್ಲವಲ್ಲ’ ಎಂಬ ವಾದಕ್ಕೆ ಇಷ್ಟು ಉತ್ತರ ಸಾಕು. ಬಯೋಸ್ ಅಪ್‌ಡೇಟ್ ಬಂದರೆ ಸಾಲು ಮಾಯವಾಗಬಹುದು, ಆಗದಿದ್ದರೂ ಕೆಲಸ ಸಾಗುತ್ತದೆ. ಡೆಸ್ಕ್‌ಟಾಪುಗಳಲ್ಲಿ ಕಾಣುವ ‘ಸಾಟಾ ಲಿಂಕ್ ಡೌನ್’ ಕೂಡ ಹೀಗೆಯೇ. ಆ ಪೋರ್ಟಿಗೆ ಯಾವ ಡಿಸ್ಕನ್ನೂ ಸಿಕ್ಕಿಸಿಲ್ಲ ಎಂಬುದಷ್ಟೇ ಸಾಮಾನ್ಯವಾಗಿ ಅದರ ಅರ್ಥ.

ನಿಜಕ್ಕೂ ತಲೆ ಕೆಡಿಸುವುದು ಇನ್ನೊಂದು. ಡೆಬಿಯನ್, ಉಬುಂಟುಗಳಲ್ಲಿ ಬೂಟ್ ಅರ್ಧಕ್ಕೆ ನಿಂತು, ರೂಟ್ ಡಿಸ್ಕಿಗಾಗಿ ಕಾದು ಸಾಕಾಯಿತು ಎಂಬರ್ಥದ ಸಂದೇಶ ಬರುತ್ತದೆ. ಅದರ ಕೆಳಗೆ ಉದ್ದನೆಯ ಒಂದು ಯುಯುಐಡಿ (ಪಾರ್ಟಿಷನ್ನಿನ ಗುರುತು), ಅದು ‘ಡಸ್ ನಾಟ್ ಎಕ್ಸಿಸ್ಟ್’ ಎಂಬ ಘೋಷಣೆ, ಆಮೇಲೆ ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಪ್ರಾಂಪ್ಟ್. ಇದನ್ನು ನೋಡಿದವರು ಡಿಸ್ಕ್ ಸತ್ತಿತೆಂದು ನಂಬಿ ಹೊಸದನ್ನು ಕೊಳ್ಳಲು ಹೊರಡುತ್ತಾರೆ. ಸ್ವಲ್ಪ ತಡೆಯಿರಿ. ಸಂದೇಶ ಹೇಳುತ್ತಿರುವುದು ಆ ಯುಯುಐಡಿ ಇರುವ ಪಾರ್ಟಿಷನ್ ಸಿಗಲಿಲ್ಲ ಎಂದು ಮಾತ್ರ. ಮನೆ ನಂಬರ್ ಬದಲಾದ ಬೀದಿಯಲ್ಲಿ ಹಳೆಯ ವಿಳಾಸ ಹಿಡಿದು ಅಲೆಯುವ ಅಂಚೆಯವನ ಸ್ಥಿತಿ ಬೂಟ್ ಪ್ರಕ್ರಿಯೆಯದು.

ಆ ಪ್ರಾಂಪ್ಟ್ ಕೈಕೊಟ್ಟ ಜಾಗದಂತೆ ಕಂಡರೂ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ‘ಕ್ಯಾಟ್ /ಪ್ರಾಕ್/ಸಿಎಂಡಿಲೈನ್’ ಎಂಬ ಆಜ್ಞೆ ಕೊಟ್ಟರೆ ಬೂಟ್ ಪ್ರಕ್ರಿಯೆ ಯಾವ ಯುಯುಐಡಿಯನ್ನು ಹುಡುಕುತ್ತಿದೆ ಎಂದು ಗೊತ್ತಾಗುತ್ತದೆ. ‘ಬಿಎಲ್‌ಕೆಐಡಿ’ ಎಂದರೆ ಸದ್ಯ ಕಣ್ಣಿಗೆ ಬಿದ್ದಿರುವ ಪಾರ್ಟಿಷನ್‌ಗಳ ಯುಯುಐಡಿಗಳು ಸಾಲಾಗಿ ಬರುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಪಾರ್ಟಿಷನ್ ಎರಡನೆಯ ಪಟ್ಟಿಯಲ್ಲಿ ಬೇರೆ ಯುಯುಐಡಿಯೊಂದಿಗೆ ಕಂಡರೆ ಡಿಸ್ಕ್ ಗಟ್ಟಿಯಾಗಿಯೇ ಇದೆ, ವಿಳಾಸ ಮಾತ್ರ ಹಳೆಯದು. ಹೊಸ ಎಸ್‌ಎಸ್‌ಡಿಯನ್ನು ಫಾರ್ಮ್ಯಾಟ್ ಮಾಡಿ ಹಳೆಯ ಡಿಸ್ಕಿನ ಫೈಲುಗಳನ್ನು ಅದಕ್ಕೆ ನಕಲಿಸಿದವರಿಗೆ ಹೀಗಾಗುವುದು ಸಹಜ. ಫಾರ್ಮ್ಯಾಟ್ ಮಾಡಿದೊಡನೆ ಹೊಸ ಯುಯುಐಡಿ ಹುಟ್ಟುತ್ತದೆ. ಗ್ರಬ್‌ನಲ್ಲಿ, ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಹಳೆಯದೇ ಕೂತಿರುತ್ತದೆ. ಎರಡನ್ನೂ ತಿದ್ದಿದರೆ ಮುಗಿಯಿತು.

ಪಟ್ಟಿಯಲ್ಲಿ ಡಿಸ್ಕೇ ಕಾಣದಿದ್ದರೆ? ಆಗಲೂ ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು ‘ಡಿಮೆಸ್‌ಜಿ’ ಕೊಟ್ಟು ಕರ್ನಲ್ ಬರೆದದ್ದನ್ನು ಓದಬೇಕು. ಇಂಟೆಲ್ ಚಿಪ್‌ಸೆಟ್‌ನ ಹಲವು ಲ್ಯಾಪ್‌ಟಾಪುಗಳಲ್ಲಿ, ‘ರೀಮ್ಯಾಪ್ ಆದ ಎನ್‌ವಿಎಂಇ ಸಾಧನ ಸಿಕ್ಕಿದೆ, ಬಳಸಬೇಕಾದರೆ ಬಯೋಸ್‌ನಲ್ಲಿ ರೇಡ್ ಬಿಟ್ಟು ಎಎಚ್‌ಸಿಐಗೆ ಬದಲಿಸಿ’ ಎಂಬರ್ಥದ ಸಾಲು ಅಲ್ಲಿ ಅಡಗಿರುತ್ತದೆ. ರೋಗದ ಜೊತೆಗೆ ಮದ್ದನ್ನೂ ಕರ್ನಲ್ಲೇ ಹೇಳಿದೆ, ಓದುವವರಿಲ್ಲ. ಇಂಟೆಲ್‌ನ ಆ ರೇಡ್ ವ್ಯವಸ್ಥೆ ಡಿಸ್ಕನ್ನು ಸಾಟಾ ಕಂಟ್ರೋಲರಿನ ಹಿಂದೆ ಮರೆಮಾಡಿರುತ್ತದೆ. ಒಂದು ಎಚ್ಚರಿಕೆ: ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದರೆ ಸುಮ್ಮನೆ ಹೋಗಿ ಈ ಸೆಟ್ಟಿಂಗ್ ಬದಲಿಸಬೇಡಿ. ವಿಂಡೋಸ್ ನೀಲಿ ಪರದೆ ತೋರಿಸಿ ಕೂತುಬಿಡುತ್ತದೆ. ಮುಂದಿನ ಸಲ ಸೇಫ್ ಮೋಡ್‌ನಲ್ಲಿ ಏಳುವಂತೆ ವಿಂಡೋಸ್‌ಗೆ ಮೊದಲೇ ಹೇಳಿ, ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀಯನ್ನು ಕೈಯಲ್ಲಿಟ್ಟುಕೊಂಡು, ಆಮೇಲೆ ಬಯೋಸ್‌ಗೆ ಹೋಗಬೇಕು.

‘ಲಿನಕ್ಸ್‌ಗೆ ಡ್ರೈವರ್‌ಗಳೇ ಇಲ್ಲ’ ಎಂದು ಮೂಗು ಮುರಿಯುವವರಿಗೆ ಇಲ್ಲೊಂದು ತಮಾಷೆ ಇದೆ. ಇಂಟೆಲ್ 11ನೇ ತಲೆಮಾರಿನಿಂದೀಚಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ವಿಎಂಡಿ ಎಂಬ ವ್ಯವಸ್ಥೆಯ ಹಿಂದಿರುತ್ತದೆ. ಅದರ ಡ್ರೈವರ್ ಲಿನಕ್ಸ್ ಕರ್ನಲ್‌ನೊಳಗೇ ಇದೆ. ವಿಂಡೋಸ್ ಇನ್‌ಸ್ಟಾಲರ್‌ಗೇ ಆ ಡಿಸ್ಕ್ ಕಾಣದೆ, ಇಂಟೆಲ್‌ನ ಡ್ರೈವರನ್ನು ಪೆನ್‌ಡ್ರೈವಿನಲ್ಲಿ ಒಯ್ದು ಕೊಡಬೇಕಾದ ಪ್ರಸಂಗಗಳು ಬೇಕಾದಷ್ಟಿವೆ.

ವೈಫೈ ವಿಷಯದಲ್ಲೂ ಇಂಥದೇ ನಂಬಿಕೆ: ಫರ್ಮ್‌ವೇರ್ ಲೋಡ್ ಆಗಲಿಲ್ಲ, ಎರರ್ ಮೈನಸ್ 2 ಎಂದು ಬಂದರೆ ಕಾರ್ಡ್ ಲಿನಕ್ಸ್‌ಗೆ ಹೊಂದುವುದಿಲ್ಲ ಅಂತ. ಮೈನಸ್ 2 ಎಂದರೆ ಕೇಳಿದ ಫೈಲು ಅಲ್ಲಿಲ್ಲ ಎಂದಷ್ಟೇ. ಇಂಟೆಲ್ ವೈಫೈ ಡ್ರೈವರ್ ಮೊದಲು ಅತಿ ಹೊಸ ಆವೃತ್ತಿಯ ಫೈಲನ್ನು ಕೇಳುತ್ತದೆ, ಇಲ್ಲದಿದ್ದರೆ ಅದಕ್ಕಿಂತ ಹಳೆಯದು, ಹೀಗೆ ಮೆಟ್ಟಿಲಿಳಿಯುತ್ತದೆ. ನಡುವೆ ಒಂದು ಸಿಕ್ಕಿತೋ, ಮೇಲಿನ ಎರರ್‌ಗಳೆಲ್ಲ ಲೆಕ್ಕಕ್ಕಿಲ್ಲ. ಕೊನೆಯವರೆಗೂ ಸಿಗದಿದ್ದರೆ ಫರ್ಮ್‌ವೇರ್ ಪ್ಯಾಕೇಜನ್ನು ನೋಡಿಕೊಳ್ಳಬೇಕು. ಮುಕ್ತವಲ್ಲದ ಫರ್ಮ್‌ವೇರನ್ನು ತನ್ನ ಅಧಿಕೃತ ಇನ್‌ಸ್ಟಾಲರಿನಿಂದ ಬಹುಕಾಲ ಹೊರಗಿಟ್ಟಿದ್ದ ಡೆಬಿಯನ್, 2022ರಲ್ಲಿ ಸದಸ್ಯರ ಮತದಾನ ನಡೆಸಿ ನಿಲುವು ಬದಲಿಸಿತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅದು ಇನ್‌ಸ್ಟಾಲರಿನಲ್ಲೇ ಬರುತ್ತದೆ. ಕಾರ್ಡ್ ನಿಜಕ್ಕೂ ಇದೆಯೇ ಎಂಬ ಸಂಶಯಕ್ಕೆ ‘ಎಲ್‌ಎಸ್‌ಪಿಸಿಐ’ ಆಜ್ಞೆಯಿದೆ. ಡ್ರೈವರ್ ಇಲ್ಲದ ಕಾರ್ಡೂ ಅದರ ಪಟ್ಟಿಯಲ್ಲಿ ಕಾಣುತ್ತದೆ.

ಬೂಟ್ ಆಗುವಾಗ ‘ಸ್ಟಾರ್ಟ್ ಜಾಬ್’ ಎನ್ನುತ್ತ ಒಂದೂವರೆ ನಿಮಿಷ ಎಣಿಸುವ ಸಾಲನ್ನು ಕಂಡು ಡಿಸ್ಕ್ ನಿಧಾನವಾಯಿತು ಎನ್ನುತ್ತಾರೆ. ಅದು ಸಿಸ್ಟಂಡಿ ಹಾಕಿಕೊಂಡ 90 ಸೆಕೆಂಡುಗಳ ಗಡುವು. ಅಳಿಸಿಹಾಕಿದ ಸ್ವಾಪ್ ಪಾರ್ಟಿಷನ್ನಿನ ಹೆಸರು ಎಫ್‌ಎಸ್‌ಟ್ಯಾಬ್‌ನಲ್ಲಿ ಉಳಿದಿದ್ದರೆ ಸಾಕು, ಪ್ರತಿ ಸಲವೂ ಕಾಯುತ್ತದೆ.

ಇವೆಲ್ಲಕ್ಕೂ ರಾಮಬಾಣವೆಂದು ಹೇಳಿಕೊಡುವ ‘ಎಸಿಪಿಐ=ಆಫ್’ ಎಂಬ ಬೂಟ್ ಆಯ್ಕೆಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಎರರ್ ಸಾಲುಗಳು ಹೋಗುತ್ತವೆ, ನಿಜ. ಜೊತೆಗೆ ಬ್ಯಾಟರಿಯ ಮಾಹಿತಿ, ಸ್ಲೀಪ್, ಪವರ್ ನಿರ್ವಹಣೆಯೂ ಹೋಗುತ್ತವೆ. ಎಲ್ಲಿ ತೊಂದರೆ ಎಂದು ಪತ್ತೆ ಹಚ್ಚಲು ಒಮ್ಮೆ ಹಾಕಿ ನೋಡಬಹುದು. ಶಾಶ್ವತವಾಗಿ ಗ್ರಬ್‌ನಲ್ಲಿ ಬರೆದಿಡುವ ಪದವಲ್ಲ ಅದು.

ಹಾಗಾದರೆ ಹಾರ್ಡ್‌ವೇರ್ ಕೆಡುವುದೇ ಇಲ್ಲವೇ? ಕೆಡುತ್ತದೆ, ಹೆಚ್ಚಾಗಿ ಸದ್ದಿಲ್ಲದೆ. ಡೆಸ್ಕ್‌ಟಾಪ್ ಏನೂ ಆಗದಂತೆ ತೆರೆದುಕೊಂಡಿರುತ್ತದೆ, ಲಾಗ್‌ನೊಳಗೆ ‘ಮೆಷೀನ್ ಚೆಕ್’ ಎಂಬ ಒಂಟಿ ಸಾಲು ಇರುತ್ತದೆ. ಅದನ್ನು ಬರೆಸಿದ್ದು ಸ್ವತಃ ಪ್ರೊಸೆಸರ್. ಪದೇ ಪದೇ ಬಂದರೆ ಬಿಸಿ, ಓವರ್‌ಕ್ಲಾಕಿಂಗ್, ರ‍್ಯಾಮ್ ಇವುಗಳತ್ತ ನೋಡಬೇಕು. ಮೆಮ್‌ಟೆಸ್ಟ್ ಅನ್ನು ಒಂದು ರಾತ್ರಿ ಓಡಲು ಬಿಡುವುದು ದಂಡವಲ್ಲ. ಸಾಟಾ ಡಿಸ್ಕಿನಲ್ಲಿ ‘ಫೇಲ್ಡ್ ಕಮಾಂಡ್’ ಎಂಬ ಸಾಲುಗಳು ಆಗಾಗ ಬೀಳುತ್ತಿದ್ದರೆ ‘ಸ್ಮಾರ್ಟ್‌ಸಿಟಿಎಲ್’ ತೋರಿಸುವ ಪಟ್ಟಿಯಲ್ಲಿ ಐಡಿ 199 ಇರುವ ಸಾಲಿಗೆ ಹೋಗಿ. ಅದು ಸಿಆರ್‌ಸಿ ದೋಷಗಳ ಎಣಿಕೆ. ಅದು ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಡಿಸ್ಕಿನದಲ್ಲ, ಕೇಬಲಿನದು. ಕೇಬಲ್ ಬದಲಿಸಿದ ಮೇಲೂ ಹಳೆಯ ಅಂಕಿ ಸೊನ್ನೆಗೆ ಇಳಿಯುವುದಿಲ್ಲ, ಅದರಿಂದ ಮುಂದೆ ಏರದಿದ್ದರೆ ಸಾಕು. ಐಡಿ 5 ಮತ್ತು 197 ಇರುವ ಸಾಲುಗಳ ಅಂಕಿ ಬೆಳೆಯುತ್ತಿದ್ದರೆ ಮಾತ್ರ ಸವೆಯುತ್ತಿರುವುದು ಡಿಸ್ಕೇ. ಆಗ ಯಾವ ರಿಪೇರಿ ಆಜ್ಞೆಯನ್ನೂ ಕೊಡದೆ, ಮೊದಲು ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲಿಸಿಕೊಳ್ಳಿ.