ಡಿಜಿಟಲ್ ಬಾನುಲಿ: ಕೊಳ್ಳುವ ಮೊದಲು ಕೇಳಿ ನೋಡಿ

ಹಳೆಯ ಟ್ರಾನ್ಸಿಸ್ಟರ್ ಕೆಟ್ಟಾಗ, ಈ ಸಲ ಡಿಜಿಟಲ್ ರೇಡಿಯೋ ಕೊಳ್ಳೋಣವೇ ಎಂಬ ಮಾತು ವಾಚನಾಲಯಗಳಲ್ಲಿ ಬರುವುದುಂಟು. ಬೇಡವೆನ್ನಲು ಕಾರಣವಿಲ್ಲ. ಆದರೆ ಬಿತ್ತನೆ ಬೀಜದ ಮೊಳಕೆ ಪರೀಕ್ಷೆ ಮಾಡುವ ರೈತ ಬಾಂಧವರು ರೇಡಿಯೋವನ್ನೂ ಪರೀಕ್ಷಿಸಿಯೇ ಕೊಳ್ಳುವುದು ಒಳ್ಳೆಯದು.

ಮೊದಲು ಹೆಸರಿನ ಮೋಸ ತಿಳಿದಿರಲಿ. ಸಂತೆಯಲ್ಲಿ ಸಿಗುವ ಎಷ್ಟೋ ಅಗ್ಗದ ಸೆಟ್ಟುಗಳಲ್ಲಿ ಕೇಂದ್ರದ ಸಂಖ್ಯೆ ಕೆಂಪಕ್ಷರದಲ್ಲಿ ಹೊಳೆಯುತ್ತದೆ. ಅಂಗಡಿಯವರು ಅದನ್ನೇ ಡಿಜಿಟಲ್ ಎನ್ನುತ್ತಾರೆ. ಹೊಳೆಯುವುದು ಅಂಕಿ ಮಾತ್ರ, ಒಳಗಿರುವುದು ಹಳೆಯ ರೇಡಿಯೋವೇ. ಮಧ್ಯಮ ತರಂಗದ ಡಿಜಿಟಲ್ ಪ್ರಸಾರ ಕೇಳಬೇಕಾದರೆ ಸೆಟ್ಟಿನ ಮೇಲೆ ‘ಡಿ.ಆರ್.ಎಂ.’ ಎಂದು ನಮೂದಾಗಿರಬೇಕು. ಆಕಾಶವಾಣಿ ತನ್ನ ಮಧ್ಯಮ ತರಂಗ ಕೇಂದ್ರಗಳಿಗೆ ಆರಿಸಿಕೊಂಡ ಪದ್ಧತಿ ಇದು. ಬೆಂಗಳೂರಿನ 612 ಮತ್ತು ಧಾರವಾಡದ 765 ಕಿಲೋಹರ್ಟ್ಸ್‌ಗಳಿಗೂ ಈ ಪದ್ಧತಿಗೆ ಒಗ್ಗುವ 200 ಕಿಲೋವ್ಯಾಟ್ ಟ್ರಾನ್ಸ್‌ಮೀಟರುಗಳು ಬಂದವು.

ಹಳೆಯ ಪ್ರಸಾರದಲ್ಲಿ ಮಾತಿನ ಏರಿಳಿತವೇ ಅಲೆಯ ಏರಿಳಿತವಾಗಿ ಬರುತ್ತದೆ. ದಾರಿಯಲ್ಲಿ ಸೇರಿದ ಸಿಡಿಲು, ಮೋಟಾರು, ಪಕ್ಕದ ಕೇಂದ್ರದ ಗದ್ದಲ ಎಲ್ಲವೂ ಜೊತೆಗೇ ಕೇಳಿಸುತ್ತದೆ. ಡಿಜಿಟಲ್ ಪದ್ಧತಿಯಲ್ಲಿ ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸಿ, ತಪ್ಪು ತಿದ್ದಿಕೊಳ್ಳಲು ಬೇಕಾದ ಹೆಚ್ಚುವರಿ ಅಂಕಿಗಳನ್ನೂ ಸೇರಿಸಿ ಕಳಿಸುತ್ತಾರೆ. ಸೆಟ್ಟು ಅವನ್ನು ಜೋಡಿಸಿಕೊಂಡು ಮಾತಾಡುತ್ತದೆ. ಆದ್ದರಿಂದ ಗರಗರ ಇಲ್ಲ, ಧ್ವನಿ ಎಫ್.ಎಂ.ನಷ್ಟು ತಿಳಿ. ಕೆಲವು ಸೆಟ್ಟುಗಳಲ್ಲಿ ಬರಹವೂ ಮೂಡುತ್ತದೆ. (ಜೋಡಣೆಗೆ ಕೆಲವು ಸೆಕೆಂಡು ಹಿಡಿಯುವುದರಿಂದ ವೇಳೆಯ ‘ಪೀಪ್’ ಸದ್ದು ತಡವಾಗಿ ಬರುತ್ತದೆ. ಗಡಿಯಾರ ಹೊಂದಿಸುವವರು ಗಮನಿಸಿರಿ.)

ತೊಂದರೆ ಇರುವುದು ಅಲೆ ಸೊರಗಿದಾಗ. ತಿದ್ದಲಾರದಷ್ಟು ತಪ್ಪುಗಳಾದರೆ ಡಿಜಿಟಲ್ ಸೆಟ್ಟು ಗೊರಗುಟ್ಟುವುದಿಲ್ಲ, ಸುಮ್ಮನಾಗಿಬಿಡುತ್ತದೆ. ಹಳೆಯ ರೇಡಿಯೋದಲ್ಲಿ ಗದ್ದಲದ ನಡುವೆಯೂ ಕಿವಿಗೊಟ್ಟು ನಾಲ್ಕು ಮಾತು ಹಿಡಿಯಬಹುದು. ನಮ್ಮ ಭಾಷೆಯಲ್ಲಿ ಹೌದು-ಅಲ್ಲಗಳ ತೀರ್ಮಾನ ವಾಕ್ಯದ ತುದಿಯಲ್ಲಿರುತ್ತದೆ. ‘ನಾಳೆ ಮಳೆಯಾಗುವ ಸಂಭವ’ ಎಂಬಲ್ಲಿಗೆ ಧ್ವನಿ ಕಡಿದುಹೋದರೆ ಇದೆಯೋ ಇಲ್ಲವೋ? ಶೇಂಗಾ ಕಿತ್ತು ಹೊಲದಲ್ಲಿ ಹರಡಿದವನಿಗೆ ಆ ಒಂದು ಪದವೇ ಬೆಳೆ.

ಹೀಗೆ ಕಡಿದುಹೋಗುವುದು ರಾತ್ರಿ ಹೆಚ್ಚು. ಹಗಲಲ್ಲಿ ಮಧ್ಯಮ ತರಂಗ ನೆಲ ಹಿಡಿದು ಒಂದೇ ಸಮನೆ ಬರುತ್ತದೆ. ಸೂರ್ಯ ಮುಳುಗಿದ ಮೇಲೆ ದೂರದ ಕೇಂದ್ರಗಳ ಅಲೆಗಳು ಮೇಲಿನ ವಾಯುಪದರದಿಂದ ಹಿಂದಿರುಗಿ ಬಂದು ಅಡ್ಡಿಪಡಿಸುತ್ತವೆ. ಇನ್ನು ಒಂದೇ ಟ್ರಾನ್ಸ್‌ಮೀಟರಿನಿಂದ ಹಳೆಯ ಪ್ರಸಾರವನ್ನೂ ಡಿಜಿಟಲ್ ಪ್ರಸಾರವನ್ನೂ ಒಟ್ಟಿಗೆ ಕೊಡುವಾಗ ಡಿಜಿಟಲ್‌ಗೆ ಸಿಗುವ ಶಕ್ತಿಯ ಪಾಲು ಚಿಕ್ಕದು. ಹಳೆಯ ಸೆಟ್ಟಿಗೆ ಬರುವ ಊರಿನಲ್ಲೆಲ್ಲ ಹೊಸದಕ್ಕೂ ಬರುತ್ತದೆಂದು ಎಣಿಸಕೂಡದು.

ಆದಕಾರಣ ಪರೀಕ್ಷೆಯನ್ನು ಪೇಟೆಯ ಅಂಗಡಿಯಲ್ಲಲ್ಲ, ನಿಮ್ಮ ವಾಚನಾಲಯದಲ್ಲೇ ಮಾಡತಕ್ಕದ್ದು. ಡಿಜಿಟಲ್ ಪ್ರಸಾರ ಯಾವ ಹೊತ್ತಿನಲ್ಲಿ ಇರುತ್ತದೆಂದು ಕೇಂದ್ರವನ್ನೇ ವಿಚಾರಿಸಿಕೊಳ್ಳಿ. ಹಿಂದಿರುಗಿಸುವ ಕರಾರಿನ ಮೇಲೆ ಸೆಟ್ಟು ತಂದು ಹಗಲಲ್ಲೊಮ್ಮೆ, ಕತ್ತಲಾದ ಮೇಲೊಮ್ಮೆ, ಒಂದೆರಡು ದಿನ ರೈತರ ಕಾರ್ಯಕ್ರಮವನ್ನೇ ಕೇಳಿರಿ. ಎಷ್ಟು ಸಲ ಮಾತು ಕಡಿಯಿತೆಂದು ಬರೆದಿಡಿ.

ಕಡಿದರೆ ಕೂಡಲೇ ಸೆಟ್ಟನ್ನು ದೂರಬೇಡಿ. ಎಲ್.ಇ.ಡಿ. ಬಲ್ಬು, ಮೊಬೈಲ್ ಚಾರ್ಜರ್, ಸೌರಶಕ್ತಿಯ ಇನ್ವರ್ಟರ್, ಬೇಲಿಗೆ ಹಾಕಿದ ಝಟಕಾ ಯಂತ್ರ ಇವೆಲ್ಲ ಮಧ್ಯಮ ತರಂಗಕ್ಕೆ ಶತ್ರುಗಳು. ಒಂದೊಂದಾಗಿ ಆರಿಸಿ ನೋಡಿದರೆ ಕಳ್ಳ ಸಿಕ್ಕುತ್ತಾನೆ. ಸೆಟ್ಟನ್ನು ಗೋಡೆಯ ಗೂಡಿನಿಂದ ತೆಗೆದು ಕಿಟಕಿಯ ಬಳಿ ಇಡಿ. ತಗಡಿನ ಮಾಡಿದ್ದರೆ ಜಗಲಿಯೇ ಮೇಲು. ಒಳಗಿನ ಆಂಟೆನಾ ಕಡ್ಡಿ ಸಾಮಾನ್ಯವಾಗಿ ಸೆಟ್ಟಿನ ಉದ್ದಕ್ಕೆ ಮಲಗಿರುತ್ತದೆ. ಸೆಟ್ಟಿನ ಅಗಲದ ಮೈ ಕೇಂದ್ರದ ದಿಕ್ಕಿಗಿದ್ದರೆ ಅಲೆ ಚೆನ್ನಾಗಿ ಸಿಗುತ್ತದೆ, ತುದಿ ಆ ದಿಕ್ಕಿಗಿದ್ದರೆ ಇಲ್ಲ. ಇದು ಹಳೆಯ ಟ್ರಾನ್ಸಿಸ್ಟರಿಗೂ ಸಲ್ಲುವ ಮಾತು.

ಡಿಜಿಟಲ್ ಸೆಟ್ಟು ವಿದ್ಯುತ್ತನ್ನು ಹೆಚ್ಚು ತಿನ್ನುತ್ತದೆ. ಸೆಲ್ಲಿನ ಮೇಲೆ ಎಷ್ಟು ಗಂಟೆ ನಡೆಯುತ್ತದೆಂಬುದನ್ನೂ ಅದೇ ಪರೀಕ್ಷೆಯಲ್ಲಿ ನೋಡಿಕೊಳ್ಳಿ. ಹಳೆಯ ರೇಡಿಯೋ ರಿಪೇರಿಗೆ ಬರುವಂತಿದ್ದರೆ ಅದನ್ನೂ ಮಾಡಿಸಿಡಿ. ಗಾಳಿಮಳೆಗೆ ಎರಡು ದಿನ ಕರೆಂಟಿಲ್ಲದಾಗ ಹವಾಮಾನ ವರದಿ ಕೇಳಲು ಅದೇ ಬೇಕಾದೀತು.