ಫೆಲೋಶಿಪ್ ಇಲ್ಲದೆ ಮನೋವಿಜ್ಞಾನದ ಡಾಕ್ಟರೇಟ್ ಸಾಧ್ಯವೇ?

ಪ್ರಶ್ನೆ: ಚಾಮರಾಜನಗರದಲ್ಲಿ ಕೆಲಸದಲ್ಲಿರುವವರು ಸ್ವಂತ ಖರ್ಚಿನಲ್ಲಿ ಮನೋವಿಜ್ಞಾನದ ಡಾಕ್ಟರೇಟ್ ಪಡೆದು ಚಿಕಿತ್ಸಕರಾಗಬಹುದೇ? – ಓದುಗರು, ಗುಂಡ್ಲುಪೇಟೆ

ಉತ್ತರ: ಪಿಎಚ್.ಡಿ. ಖಂಡಿತ ಸಾಧ್ಯ. 2024ರ ಜೂನ್‌ನಿಂದ ಯುಜಿಸಿ ನೆಟ್‌ನಲ್ಲಿ ಪಿಎಚ್.ಡಿ. ಪ್ರವೇಶಕ್ಕಷ್ಟೇ ಅರ್ಹತೆ ಕೊಡುವ ವರ್ಗವೂ ಇದೆ. ಅದರಲ್ಲಿ ಫೆಲೋಶಿಪ್ ಸಿಗದು. ಅಂಕ ಒಂದು ವರ್ಷ ಮಾನ್ಯ.

ಯುಜಿಸಿಯ 2022ರ ಪಿಎಚ್.ಡಿ. ನಿಯಮಗಳು ಅರೆಕಾಲಿಕ ಸಂಶೋಧನೆಗೂ ದಾರಿ ತೆರೆದಿವೆ. ಉದ್ಯೋಗದಾತರು ಕೊಡುವ ನಿರಾಕ್ಷೇಪಣಾ ಪತ್ರದಲ್ಲಿ ಮೂರು ಮಾತು ಇರಲೇಬೇಕು: ಓದಲು ಅನುಮತಿಯಿದೆ, ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಅಗತ್ಯವಿದ್ದರೆ ಕೋರ್ಸ್‌ವರ್ಕ್‌ಗಾಗಿ ಕೆಲಸದಿಂದ ಬಿಡುಗಡೆ ಕೊಡಲಾಗುತ್ತದೆ.

ಆದರೆ ಪಿಎಚ್.ಡಿ. ಸಂಶೋಧನಾ ಪದವಿ, ಅದೊಂದರಿಂದಲೇ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ರೋಗಿಗಳ ನಡುವೆ ತರಬೇತಿ ಕೊಡುವ ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ) ಯಂಥ ಕೋರ್ಸ್‌ಗೆ ಶುಲ್ಕ ಕಟ್ಟುವ ಮೊದಲು, ಪರಿಷತ್ತಿನ ಮಾನ್ಯತಾ ಪಟ್ಟಿಯಲ್ಲಿ ಆ ಸಂಸ್ಥೆಯ ಹೆಸರಿದೆಯೇ ಎಂದು ನೋಡಿಕೊಳ್ಳಬೇಕು.